ಗಂಡನ ನಿದ್ದೆ ಕೆಡಿಸಿದ ಸದ್ದು

ಹೊಲಿಗೆಯವಳ ಎದೆಯೊಳಗೆ ಡಾಕ್ಟರು ಲೋಹದ ಕವಾಟ ಕೂರಿಸಿದ ಮೇಲೆ ಅದು ಟಿಕ್ ಟಿಕ್ ಎನ್ನುತ್ತಿತ್ತು, ಬಾಯಿ ತೆರೆದರೆ ಇನ್ನೂ ಜೋರಾಗಿ. ಕವಾಟದಲ್ಲಿ ರಕ್ತ ಹೆಪ್ಪುಗಟ್ಟಿದರೆ ಪ್ರಾಣಕ್ಕೇ ಸಂಚಕಾರ. ಅದಕ್ಕೇ ದಿನಾ ಸಂಜೆ ರಕ್ತ ತೆಳುವಾಗಿಸುವ ಮಾತ್ರೆ, ಬದುಕಿರುವವರೆಗೂ. ಬೇರೆ ಗಂಡಸಾಗಿದ್ದರೆ ಹೆಂಡತಿ ಉಳಿದಳಲ್ಲ ಎಂದು ಕೈಮುಗಿಯುತ್ತಿದ್ದ. ಇವಳ ಗಂಡ, ಗೋದಾಮಿನ ಗುಮಾಸ್ತ, ಕಿವಿಗೆ ಹತ್ತಿ ತುರುಕಿಕೊಂಡ. "ಗಡಿಯಾರಾನ ಪಕ್ಕದಲ್ಲಿ ಮಲಗಿಸ್ಕೊಂಡು ನಿದ್ದೆ ಹೇಗ್ರೀ ಮಾಡೋದು?" ಎಂದು ಬಂದವರ ಮುಂದೆಲ್ಲ ಗೋಳಾಡಿದ.

ಮೇಜಿನ ಮೂಲೆ ತಾಗಿದರೆ ಅವಳ ತೊಡೆ ನೀಲಿಗಟ್ಟುತ್ತಿತ್ತು. ಹೊಲಿಗೆ ಕಾರ್ಖಾನೆಯಲ್ಲಿ ಸೂಜಿ ಚುಚ್ಚಿದರೆ ಬೆರಳು ಅದುಮಿಕೊಂಡು ಕೂರಬೇಕು, ಬಿಳಿ ಬಟ್ಟೆಯನ್ನು ಪಕ್ಕದವಳಿಗೆ ದಾಟಿಸಬೇಕು. ಅದೆಲ್ಲ ಸಹಿಸಬಹುದಿತ್ತು. ಆದರೆ ಮುಟ್ಟಾದಾಗ ಹಳೆ ಬಟ್ಟೆ ಮಡಿಸಿ ಕುರ್ಚಿಗೆ ಹಾಸಿಕೊಂಡರೂ ತಡೆಯುತ್ತಿರಲಿಲ್ಲ. "ಎಷ್ಟು ಸಲ ಎದ್ದು ಹೋಗ್ತೀಯಮ್ಮ?" ಎಂದು ಮೇಸ್ತ್ರಿ ಎಲ್ಲರಿಗೂ ಕೇಳಿಸುವ ಹಾಗೆ ಕೇಳುತ್ತಿದ್ದ. ಕಾರಣ ಗೊತ್ತಿದ್ದೇ ಕೇಳುವ ಪೈಕಿ ಅವನು.

ಮನೆಯಲ್ಲಿ ಗಂಡನ ಅಕ್ಕ ಇದ್ದಳು. ಎಂದೋ ಹೊಟ್ಟೆನೋವೆಂದು ಒಂದು ವಾರ ಆಸ್ಪತ್ರೆಯಲ್ಲಿ ಮಲಗಿದ್ದೇ ಅವಳ ವೈದ್ಯ ಪದವಿ.

"ರಕ್ತಾನ ನೀರು ಮಾಡ್ಕೊಂಡ್ರೆ ಸೋರದೆ ಇನ್ನೇನಾಗುತ್ತೆ? ಆ ದಿನಗಳಲ್ಲಿ ಮಾತ್ರೆ ಬಿಡು. ನಿಂತ ಮೇಲೆ ತಗೋ."

"ಡಾಕ್ಟರು ಒಂದು ದಿನಾನೂ ಬಿಡಬೇಡ ಅಂದಿದಾರೆ, ಅತ್ತಿಗೆ."

"ಅವರಿಗೇನು, ಅವರು ಮುಟ್ಟಾಗ್ತಾರಾ?"

ಡಾಕ್ಟರನ್ನೇ ಕೇಳಬಹುದಿತ್ತು. ಗಂಡಸಿನ ಮುಂದೆ ಮುಟ್ಟಿನ ಮಾತೆತ್ತಲು ನಾಚಿಕೆ. ಆ ನಾಚಿಕೆಗಿಷ್ಟು ಬೆಂಕಿ ಹಾಕ! ತಿಂಗಳು ತಿಂಗಳೂ ಆ ದಿನಗಳಲ್ಲಿ ಮಾತ್ರೆ ಬಿಟ್ಟಳು. ಸ್ರಾವ ಒಂದಿಷ್ಟು ಇಳಿಯಿತು. ಅತ್ತಿಗೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಒಂದು ಬೆಳಿಗ್ಗೆ ಗಂಡ ಕಾಫಿ ಹೀರುತ್ತ ಮುಖ ಅರಳಿಸಿ ಹೇಳಿದ: "ಎರಡು ರಾತ್ರಿಯಿಂದ ಏನು ನಿದ್ದೆ ಅಂತೀಯಾ! ಹತ್ತೀನೇ ಬೇಕಾಗ್ಲಿಲ್ಲ. ನಿನ್ನ ಗಡಿಯಾರದ ಸದ್ದೇ ಇಲ್ಲ."

"ನೋಡಿದ್ಯಾ? ನನ್ನ ಮಾತು ಕೇಳಿದ್ದಕ್ಕೆ," ಎಂದಳು ಅವನ ಅಕ್ಕ.

ಹೊಲಿಗೆಯವಳು ಲೋಟ ಕೆಳಗಿಟ್ಟಳು. ಬಾಯಿ ತೆರೆದು ಉಸಿರು ಹಿಡಿದು ಆಲಿಸಿದಳು. ಟಿಕ್ ಎನ್ನಬೇಕಾದ ಕಡೆ, ಚಿಂದಿ ಸುತ್ತಿದ ಸುತ್ತಿಗೆ ಬಡಿದಂತೆ ಮಂದ ಸದ್ದು. ಮೊನ್ನೆಯಿಂದ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಿದ್ದುದೂ ಆಗಲೇ ನೆನಪಾಯಿತು. ಸದ್ದು ಬದಲಾದರೆ ಓಡಿ ಬಾ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಓಡುವಷ್ಟು ಉಸಿರಿರಲಿಲ್ಲ. ಚಪ್ಪಲಿ ಮೆಟ್ಟಿ ಬಾಡಿಗೆ ಗಾಡಿ ಹಿಡಿಯಲು ಹೊರಟಳು.

"ಮತ್ತೆ ತಿಂಡಿ?" ಎಂದ ಗಂಡ.

ಆಸ್ಪತ್ರೆಯಲ್ಲಿ ಹೆಪ್ಪು ಕರಗಿಸಿ ಉಳಿಸಿದರು. ಮಾತ್ರೆ ಯಾಕೆ ಬಿಟ್ಟೆ ಎಂದಾಗ ಅವಳು ಆ ಗಂಡಸು ಡಾಕ್ಟರಿಗೇ ಎಲ್ಲ ಹೇಳಿದಳು. ಅವರು ಮುಖ ಸಿಂಡರಿಸಲಿಲ್ಲ. "ಮೊದಲೇ ಹೇಳಬಾರದಿತ್ತೇನಮ್ಮ? ಅದಕ್ಕೆ ಬೇರೆ ಚಿಕಿತ್ಸೆ ಇದೆ," ಎಂದು ಹೆಂಗಸರ ಡಾಕ್ಟರ ಬಳಿ ಕಳಿಸಿದರು. ಇಷ್ಟೇ ಮಾತಿಗೆ ಅವಳು ಪ್ರಾಣ ಪಣಕ್ಕಿಟ್ಟಿದ್ದಳು.

ಅವಳು ಮನೆಗೆ ಬಂದ ದಿನ ಗಂಡ ಹತ್ತಿ ಹುಡುಕಿದ. "ಆ ಸದ್ದು ಮತ್ತೆ ಶುರುವಾಯ್ತಲ್ಲೇ."

"ಹೂಂ. ನಾನು ಸತ್ತ ಮೇಲೆ ಚೆನ್ನಾಗಿ ನಿದ್ದೆ ಮಾಡೀರಂತೆ."

ಮೊದಲೆಲ್ಲ ಅವನಿಗೆ ತೊಂದರೆಯಾದೀತೆಂದು ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಈಗ ಅವನ ಕಡೆಗೇ ತಿರುಗಿ, ಬಾಯಿ ತೆರೆದು ಮಲಗುತ್ತಾಳೆ.