ಬಳೆಯಿಲ್ಲದ ಕೈ

ಭೂತ, ಪ್ರೇತಗಳ ಮಾತು ಬಂದರೆ ನನಗೆ ಮೊದಲಿನಿಂದಲೂ ಹೆದರಿಕೆಗಿಂತ ನಾಚಿಕೆಯೇ ಹೆಚ್ಚು. ನಾನು ಓದಿದ್ದು ಕುಂದಾಪುರದ ಕಡೆಯ ಒಂದು ಕಾನ್ವೆಂಟಿನಲ್ಲಿ. ಅಲ್ಲಿಯ ಹಾಸ್ಟೆಲಿನಲ್ಲಿ ಯಾರಾದರೂ ಭೂತ ಕಂಡೆ ಎಂದು ಕಿರುಚಿದರೆ ನಮ್ಮ ಸಿಸ್ಟರು ಒಂದು ಲೋಟ ಬಿಸಿನೀರು ಕುಡಿಸಿ, "ರಾತ್ರಿ ಹಲಸಿನಹಣ್ಣು ತಿಂದಿದ್ದೀಯಾ?" ಎಂದು ಕೇಳುತ್ತಿದ್ದರು. ಹೆಚ್ಚಿನ ಸಲ ತಿಂದೇ ಇರುತ್ತಿದ್ದರು. ಹಾಗಾಗಿ ಜಗತ್ತಿನ ಭೂತಗಳೆಲ್ಲ ಹೊಟ್ಟೆಯಲ್ಲೇ ಹುಟ್ಟುತ್ತವೆ ಎಂದು ನಂಬಿಕೊಂಡೇ ನಾನು ಮದುವೆಯಾಗಿ ಬಂದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಹೇಳಹೊರಟ ದಿನದ ಹಿಂದಿನ ರಾತ್ರಿ ನಾನು ಹಲಸಿನಹಣ್ಣು ತಿಂದಿರಲಿಲ್ಲ.

ನನ್ನ ಗಂಡನ ಮನೆ ಬ್ರಹ್ಮಾವರದಿಂದ ಬಾರ್ಕೂರಿಗೆ ಹೋಗುವ ದಾರಿಯಲ್ಲಿದೆ. ಬೇಸಿಗೆ ಶುರುವಾಗಿ, ಗೇರುಹಣ್ಣಿನ ವಾಸನೆ ಬಟ್ಟೆಗೆಲ್ಲ ಅಂಟುವ ಹೊತ್ತಿಗೆ ಸೌರಮಾನ ಯುಗಾದಿ ಬರುತ್ತದೆ. ಆ ದಿನ ನಮ್ಮಲ್ಲಿ ಕಣಿ ಕಾಣುವ ಪದ್ಧತಿ. ಹಿಂದಿನ ಸಂಜೆಯೇ ದೇವರ ಮುಂದೆ ಬಾಳೆಲೆ ಹಾಸಿ ಅಕ್ಕಿ, ತೆಂಗಿನಕಾಯಿ, ಬಣ್ಣದ ಸೌತೆ, ಮಾವು, ಗೇರುಹಣ್ಣು, ಅಬ್ಬಲಿಗೆ ಹೂ, ಒಂದು ಚಿನ್ನದ ಸರ, ಹಿಂದೆ ಒಂದು ಕನ್ನಡಿ ಇಡುತ್ತಾರೆ. ಬೆಳಕು ಹರಿಯುವ ಮೊದಲು ಮನೆಯ ಹಿರಿಯ ಹೆಂಗಸು ಒಬ್ಬೊಬ್ಬರನ್ನೇ ಹಾಸಿಗೆಯಿಂದ ಎಬ್ಬಿಸಿ, ಕಣ್ಣು ಮುಚ್ಚಿಸಿ, ಕೈ ಹಿಡಿದು ಕರೆತರಬೇಕು. ವರ್ಷದ ಮೊದಲ ನೋಟ ಕಣಿಯ ಮೇಲೆ ಬೀಳಬೇಕು. ದಾರಿಯಲ್ಲಿ ಕಣ್ಣು ಬಿಟ್ಟು ಚಪ್ಪಲಿಯನ್ನೋ ಕಸಬರಿಕೆಯನ್ನೋ ಕಂಡರೆ ವರ್ಷವಿಡೀ ಅದೇ ಗತಿಯಂತೆ.

ಈ ಕೆಲಸ ನನ್ನ ಗಂಡನ ಅಜ್ಜಿಯದಾಗಿತ್ತು. ಅಜ್ಜಿ ಅಂಗೈ ಹಿಡಿಯುತ್ತಿರಲಿಲ್ಲ, ಡಾಕ್ಟರರು ನಾಡಿ ನೋಡುವ ಹಾಗೆ ಮಣಿಕಟ್ಟು ಹಿಡಿಯುತ್ತಿದ್ದರು. ಮನೆಯನ್ನು ಹೊಸದಾಗಿ ಕಟ್ಟಿ ಗ್ರಾನೈಟ್ ಹಾಕಿಸಿದಾಗಲೂ ಚಾವಡಿಯ ಹಳೆಯ ಎತ್ತರದ ಹೊಸ್ತಿಲು ತೆಗೆಯಲು ಅವರು ಬಿಟ್ಟಿರಲಿಲ್ಲ. ಅಲ್ಲಿಗೆ ಬಂದಾಗ ಕಾಲೆತ್ತು ಎಂದು ಬಾಯಲ್ಲಿ ಹೇಳುವ ಬದಲು ತೋಳು ಚಿವುಟುತ್ತಿದ್ದರು. ಯಾರಾದರೂ ಇಣುಕಿದರೆ ನೆತ್ತಿಗೆ ಒಂದು ಮೊಟಕು. ಕೊನೆಗೆ ಗಲ್ಲ ಹಿಡಿದು ಮುಖ ಎತ್ತಿದರೆ, ಕಣ್ಣು ಬಿಡಬಹುದು ಎಂದರ್ಥ. ಸಂಧಿವಾತದಿಂದ ಕೈ ಊದಿ ಅವರಿಗೆ ಬಳೆಯೇ ಹತ್ತುತ್ತಿರಲಿಲ್ಲ. ಇದೊಂದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಅಜ್ಜಿ ತೀರಿಕೊಂಡರು. ಒಂದು ವರ್ಷ ಹಬ್ಬ ಮಾಡುವಂತಿರಲಿಲ್ಲ. ಮರುವರ್ಷ ಯುಗಾದಿ ಹತ್ತಿರ ಬರುತ್ತಿದ್ದಂತೆ ಇನ್ನು ಕೈ ಹಿಡಿಯುವವರು ಯಾರು ಎಂಬ ಪ್ರಶ್ನೆ ಎದ್ದಿತು. ಅಜ್ಜಿಗೆ ಇಬ್ಬರು ಸೊಸೆಯಂದಿರು. ಹಿರಿಯರು ನನ್ನ ಅತ್ತೆ, ಕಿರಿಯರು ಅವರ ಓರಗಿತ್ತಿ, ನಾನು ಸಣ್ಣತ್ತೆ ಎನ್ನುವವರು. ಇಬ್ಬರ ಗಂಡಂದಿರೂ ಮುಂಬಯಿಯಲ್ಲಿ ಹೋಟೆಲು ನೋಡಿಕೊಂಡಿದ್ದರು. ಹಾಗಾಗಿ ಜಗಳ ಬಿಡಿಸುವವರೂ ಇರಲಿಲ್ಲ.

"ಹಿರಿ ಸೊಸಿ ನಾ ಇಪ್ಪಾಗ ಕಿರಿಯವ್ಳ್ ಕೈ ಹಿಡಿದ್ರೆ ಮನಿಗೆ ಏಳ್ಗಿ ಇತ್ತಾ?" ಎಂದು ಅತ್ತೆ.

"ಅತ್ತಿಯವ್ರಿಗೆ ಕಡಿಗಾಲದಲ್ಲ್ ಗಂಜಿ ಕುಡ್ಸದ್ ಈ ಕೈ. ಗಂಜಿಗ್ ಆತ್ತ್, ಕಣಿಗ್ ಆಪ್ದಿಲ್ಯಾ?" ಎಂದು ಸಣ್ಣತ್ತೆ.

ಆಮೇಲೆ ಇಬ್ಬರೂ ಮಾತು ಬಿಟ್ಟರು. ಒಂದೇ ಅಡುಗೆಮನೆಯಲ್ಲಿ ಮಾತು ಬಿಡುವುದು ಸುಲಭವಲ್ಲ. ಅತ್ತೆ ಬಾಯಿ ತೆರೆದ ಕೂಡಲೆ ಸಣ್ಣತ್ತೆ ಮಿಕ್ಸಿ ತಿರುಗಿಸುತ್ತಿದ್ದರು. ಅದು ನಿಂತ ಮೇಲೆ ಅತ್ತೆ ಅದರ ಹತ್ತಿರವೇ ಹೇಳುತ್ತಿದ್ದರು: "ಹ್ವಾಯ್ ಮಿಕ್ಸಿ, ಹುಳಿಗೆ ಉಪ್ಪ್ ಜಾಸ್ತಿ ಆಯ್ತ್ ಅಂತ ಹಾಕ್ದವ್ರಿಗ್ ಹೇಳ್."

"ಮಿಕ್ಸಿ, ಉಪ್ಪ್ ಹಾಕದ್ ಅವ್ರೇ ಅಂತ ಹೇಳ್," ಎಂದು ಈ ಕಡೆಯಿಂದ ಉತ್ತರ.

ನಗು ಬರುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಒಂದು ದಿನ ಹೊಸದೊಂದು ಗ್ಯಾಸ್ ಸಿಲಿಂಡರು ಮನೆಗೆ ಬಂತು. ಸಣ್ಣತ್ತೆ ಅದನ್ನು ಸೀಲು ಒಡೆಯದೆ ಮಹಡಿಗೆ ಹೊರಿಸಿದರು. ಕಣಿಯ ವಿಷಯ ಈ ಹಬ್ಬಕ್ಕೆ ಬಗೆಹರಿಯದಿದ್ದರೆ ಮಾರನೆಯ ದಿನವೇ ಮೇಲೆ ಬೇರೆ ಒಲೆ ಎಂದರು. ಆಗ ನನ್ನ ನಗು ನಿಂತಿತು. ಈ ಮನೆಯಲ್ಲಿ ನನಗೆ ಮೀನು ಸೀಳುವುದನ್ನು ಕಲಿಸಿದವರು ಸಣ್ಣತ್ತೆ. ಜ್ವರ ಬಂದರೆ ರಾತ್ರಿಯೆಲ್ಲ ಕೂತವರು ಅತ್ತೆ. ಎರಡು ಒಲೆಯಾದರೆ ನಾನು ಯಾವ ಒಲೆಯ ಅನ್ನ ಉಣ್ಣಲಿ?

ಹಬ್ಬದ ಹಿಂದಿನ ಸಂಜೆ ಇಬ್ಬರೂ ಬೇರೆಬೇರೆಯಾಗಿ ಬಂದು ನನಗೆ ಒಂದೇ ಮಾತು ಹೇಳಿದರು: "ಕಣಿ ನೀನ್ ಇಡ್. ಕೈ ಹಿಡೂಕೆ ನಾ ಬತ್ತೆ." ನಾನು ಇಬ್ಬರಿಗೂ ಹೂಂ ಎಂದೆ. ಕಣಿ ಇಟ್ಟು ತಿರುಗುವಷ್ಟರಲ್ಲಿ ಅತ್ತೆ ಬಂದು ಕನ್ನಡಿಯನ್ನು ತಮ್ಮ ಕೋಣೆಯ ಕಡೆಗೆ ತುಸು ತಿರುಗಿಸಿ ಹೋದರು. ಸ್ವಲ್ಪ ಹೊತ್ತಿಗೆ ಸಣ್ಣತ್ತೆ ಬಂದು ತಮ್ಮ ಕೋಣೆಯ ಕಡೆಗೆ ತಿರುಗಿಸಿದರು. ಇಬ್ಬರೂ ಒಂದೊಂದು ಇಟ್ಟು ಸೌತೆಕಾಯಿಗಳೂ ಎರಡಾದವು.

ಬೆಳಗಿನ ಜಾವ ಎಚ್ಚರವಾದಾಗ ನಾನು ಕಣ್ಣು ಬಿಡದೆ ಮಲಗಿದ್ದೆ. ಪಕ್ಕದಲ್ಲಿ ಗಂಡನ ಗೊರಕೆ ನಡೆದಿತ್ತು. ಅವರಿಗೆ ಕಣಿ ಕಾಣಿಸಬೇಕಾದರೆ ಹಾಸಿಗೆ ಸಮೇತ ಹೊತ್ತು ತರಬೇಕು. ಇಬ್ಬರು ಅತ್ತೆಯರಲ್ಲಿ ಮೊದಲು ಯಾರು ಬರುತ್ತಾರೆ, ಬಂದು ನನ್ನ ಕೋಣೆಯ ಬಾಗಿಲಲ್ಲಿ ಎದುರಾದರೆ ಏನು ಗತಿ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಯಾರೋ ನನ್ನ ಎಡಗೈಯ ಮಣಿಕಟ್ಟು ಹಿಡಿದರು.

ಎದ್ದೆ, ನಡೆದೆ. ಕೈ ತಣ್ಣಗಿತ್ತು, ಹಿಡಿತ ಗಟ್ಟಿಯಾಗಿತ್ತು. ಯಾರು ಗೆದ್ದರು ಎಂಬ ಕುತೂಹಲ ತಡೆಯದೆ ಒಂದು ಕಣ್ಣನ್ನು ಎಳ್ಳಷ್ಟು ತೆರೆಯಲು ನೋಡಿದೆ. ನೆತ್ತಿಗೆ ಟಣ್ ಎಂದು ಒಂದು ಮೊಟಕು ಬಿತ್ತು. ಹೊಸ್ತಿಲು ಬಂತು. ತೋಳಿನ ಹಿಂಭಾಗದಲ್ಲಿ ಸರಿಯಾದ ಒಂದು ಚಿವುಟು. ಕಾಲೆತ್ತಿದೆ. ಆಗ ನನಗೆ ಒಂದು ವಿಷಯ ಹೊಳೆಯಿತು. ಅತ್ತೆಗೂ ಸಣ್ಣತ್ತೆಗೂ ಕೈ ತುಂಬ ಗಾಜಿನ ಬಳೆ. ಹಬ್ಬಕ್ಕೆಂದು ಹೊಸದಾಗಿ ಇಡಿಸಿಕೊಂಡದ್ದು. ಸಣ್ಣತ್ತೆ ಉಪ್ಪಿನ ಭರಣಿಯ ಮುಚ್ಚಳ ತೆಗೆದರೂ ಮಹಡಿಗೆ ಕೇಳುತ್ತದೆ. ಹಾಸಿಗೆಯಿಂದ ಹೊಸ್ತಿಲವರೆಗೆ ನನಗೆ ಒಂದು ಬಳೆಯ ಸದ್ದೂ ಕೇಳಿರಲಿಲ್ಲ.

ಕಣ್ಣು ಬಿಡುವ ಧೈರ್ಯ ಆಮೇಲೆ ನನಗೆ ಬರಲಿಲ್ಲ. ಗಲ್ಲ ಹಿಡಿದು ಮುಖ ಎತ್ತಿದಾಗಲೇ ಬಿಟ್ಟೆ. ಎದುರಿಗೆ ಕಣಿ, ದೀಪ, ಕನ್ನಡಿ. ಕನ್ನಡಿ ಆ ಕಡೆಗೂ ಇರಲಿಲ್ಲ, ಈ ಕಡೆಗೂ ಇರಲಿಲ್ಲ, ನೆಟ್ಟಗಿತ್ತು. ಅದರಲ್ಲಿ ಮೂರು ಮುಖ. ನಡುವೆ ನಾನು, ನನ್ನ ಎಡಬಲಕ್ಕೆ ಅತ್ತೆ ಮತ್ತು ಸಣ್ಣತ್ತೆ. ಇಬ್ಬರೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಎಡಗೈ ಮುಂದಕ್ಕೆ ಚಾಚಿ, ಸೂಜಿ ಚುಚ್ಚಿಸಿಕೊಳ್ಳಲು ನಿಂತ ಮಕ್ಕಳ ಹಾಗೆ ನಿಂತಿದ್ದರು. ನಾನು ನೋಡುತ್ತಿದ್ದಂತೆ ಮೊದಲು ಅತ್ತೆಯ ಗಲ್ಲ ಮೇಲೆದ್ದಿತು, ಬಳಿಕ ಸಣ್ಣತ್ತೆಯದು. ಕಣ್ಣು ಬಿಟ್ಟು ಇಬ್ಬರೂ ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡಿದರು. ಎರಡು ಸೌತೆಕಾಯಿ ಇಟ್ಟದ್ದು ದಂಡವಾಯಿತು. ವರ್ಷದ ಮೊದಲ ನೋಟ ಅವುಗಳ ಮೇಲೆ ಬೀಳಲೇ ಇಲ್ಲ.

ಇಬ್ಬರೂ ಅಡ್ಡಬಿದ್ದು ಎದ್ದು, ತೋಳಿನ ಹಿಂಭಾಗ ಉಜ್ಜಿಕೊಳ್ಳುತ್ತ ಒಳಗೆ ಹೋದರು. ನಾನೂ ಉಜ್ಜಿಕೊಳ್ಳುತ್ತಿದ್ದೆ.

ಪಲ್ಯಕ್ಕೆ ಎಳೆ ಗೇರುಬೀಜ ಬಿಡಿಸುತ್ತಿದ್ದಾಗ ಅತ್ತೆ ನನ್ನ ಪಕ್ಕ ಕೂತರು. "ಹೆಣೆ, ಅವ್ಳಿಗ್ ಹೇಳ್ಬೇಡ. ನಾ ಏಳ್ಕ್ ಅಂತ ಇಪ್ಪಾಗ್ಳೇ ಅವ್ಳ್ ಬಂದ್ ಕೈ ಹಿಡ್ದೇ ಬಿಟ್ಲ್. ಸಿಟ್ಟ್ ಬಂತ್. ಆರೆ ಹೊಸ್ಲಲ್ಲ್ ಚಿವ್ಟ್ದಾಗ... ಥೇಟ್ ಅತ್ತಿ ಕೈಯೇ. ಕಡಿಗಾಲದಲ್ಲ್ ಚಾಕ್ರಿ ಮಾಡ್ದವ್ಳಿಗೇ ಆ ಕೈ ಬಂದಿತ್ತ್. ನಾ ಸುಮ್ನೆ ಹಠ ಮಾಡ್ದೆ."

ನಾನು ಇನ್ನೊಂದು ಗೇರುಬೀಜ ಬಿಡಿಸಿದೆ.

ಬಾವಿಕಟ್ಟೆಯ ಹತ್ತಿರ ಬಾಳೆಲೆ ತೊಳೆಯುತ್ತಿದ್ದ ಸಣ್ಣತ್ತೆ ನನ್ನನ್ನು ಕರೆದರು. "ಅಕ್ಕನ ಹತ್ರ ಹೇಳ್ಬೇಡ ಕಾಣ್. ನನ್ನ್ ಎಬ್ಸಿ ಕರ್ಕಂಡ್ ಹೋದ್ರಲ್ದಾ, ಆ ಹಿಡ್ತ ಕಂಡ್ ಕಣ್ಣೀರ್ ಬಂತ್ ಮಾರಾಯ್ತಿ. ಹಿರಿ ಸೊಸಿ ಅಂದ್ರೆ ಹಿರಿ ಸೊಸಿಯೇ. ನಂಗೆಲ್ಲಿ ಬಪ್ಪುಕೆ ಆ ಕೈ!"

ನಾನು ತೊಳೆದ ಎಲೆಗಳನ್ನು ಎತ್ತಿಕೊಂಡು ಒಳಗೆ ಬಂದೆ. ನಿಜ ಹೇಳಿದ್ದರೆ ಏನಾಗುತ್ತಿತ್ತು? ಇಬ್ಬರೂ ಹೆದರಿ ಜ್ವರ ಬಂದು ಮಲಗುತ್ತಿದ್ದರು, ಇಲ್ಲವೇ ಮತ್ತೆ ಮಿಕ್ಸಿ ಶುರುವಾಗುತ್ತಿತ್ತು. ಮಧ್ಯಾಹ್ನ ಊಟಕ್ಕೆ ಕೂತಾಗ ಅತ್ತೆ ತಾವೇ ಸಣ್ಣತ್ತೆಯ ಎಲೆಗೆ ಇನ್ನೊಂದು ಸೌಟು ಪಾಯಸ ಬಡಿಸಿದರು. ಕೆಲವು ವಾರಗಳ ಮೇಲೆ ಕೆಳಗಿನ ಸಿಲಿಂಡರು ಮುಗಿದಾಗ ಮಹಡಿಯದನ್ನು ಇಳಿಸಿ ಸೀಲು ಒಡೆದೆವು.

ಗಂಡನಿಗೆ ಮಾತ್ರ ಎಲ್ಲ ಹೇಳಿದೆ. ಅವರು ಆಕಳಿಸುತ್ತ, "ನಿದ್ದೆಗಣ್ಣಲ್ಲಿ ನೀವ್ ಮೂರೂ ಜನ ಒಬ್ರಿಗೊಬ್ರ್ ಕೈ ಹಿಡ್ಕಂಡ್ ಹೋಯಿರಿ," ಎಂದರು. ಇರಬಹುದು. ಹಾಗಾದರೆ ಮೊಟಕಿದವರು ಯಾರು ಎಂದು ಕೇಳುವಷ್ಟರಲ್ಲಿ ಗೊರಕೆ ಶುರುವಾಗಿತ್ತು.

ಮರುವರ್ಷದಿಂದ ಮನೆಯಲ್ಲಿ ಉಲ್ಟಾ ಜಗಳ. "ನೀವೇ ಹಿಡಿನಿ ಅಕ್ಕ." "ಇಲ್ಲೆ, ನೀನೇ ಹಿಡಿಯೆ." ಇಬ್ಬರೂ ಹಿಂದೆ ಸರಿದು ಕೆಲಸ ನನ್ನ ಪಾಲಿಗೆ ಬಂತು. ಮೊದಲ ಸಲ ಅತ್ತೆಯನ್ನು ಕರೆತರುವಾಗ ಹೊಸ್ತಿಲಿನಲ್ಲಿ ಅವರು ನಿಂತೇಬಿಟ್ಟರು. "ಹ್ವಾಯ್, ಚಿವ್ಟುದ್ ಮರ್ತ್ಯಾ?" ಅತ್ತೆಯನ್ನು ಚಿವುಟಿದ ಸೊಸೆ ಈ ಊರಿನಲ್ಲಿ ಇನ್ನೊಬ್ಬಳಿದ್ದಾಳೋ ಇಲ್ಲವೋ ತಿಳಿಯದು. ಹಬ್ಬದ ದಿನ ಮಾತ್ರ ನಾನು ಬಳೆ ತೆಗೆದಿಡುತ್ತೇನೆ. ಯಾಕೆ ಎಂದು ಇಬ್ಬರೂ ಇಷ್ಟು ವರ್ಷ ಕೇಳಿಲ್ಲ. ಅವರಿಗೂ ಏನಾದರೂ ಗೊತ್ತೋ ಎಂಬ ಅನುಮಾನ ನನಗೆ ಆಗಾಗ ಬರುತ್ತದೆ.

ಈಗ ಎಲ್ಲರ ಕೈ ಹಿಡಿಯುವವಳು ನಾನು. ನನ್ನ ಕೈ ಹಿಡಿಯುವವರು ಯಾರೂ ಇಲ್ಲ, ಗೋಡೆ ತಡವಿಕೊಂಡು ನಾನೇ ಹೋಗಿ ಕಣಿ ಕಾಣಬೇಕು. ಆದರೂ ಆ ಬೆಳಿಗ್ಗೆ ಎಚ್ಚರವಾದ ಕೂಡಲೆ ನಾನು ಏಳುವುದಿಲ್ಲ. ಕಣ್ಣು ಮುಚ್ಚಿಕೊಂಡು, ಎಡಗೈಯನ್ನು ಹೊದಿಕೆಯಿಂದ ಹೊರಗೆ ಚಾಚಿ, ಸ್ವಲ್ಪ ಹೊತ್ತು ಮಲಗಿರುತ್ತೇನೆ.