ಮಳೆ ಮೊದಲು, ಹಿಮ ಆಮೇಲೆ

ಲಿಯೋಟಾ ಬ್ರಾಂಡ್‌ವೋಲ್ಡ್ ಹೇಳಿದ ಹವಾಮಾನ ಸುಳ್ಳಾದದ್ದು ಕಡಿಮೆ. ಅಮೆರಿಕದ ದಕ್ಷಿಣ ಡಕೋಟಾದ ಪಶ್ಚಿಮಕ್ಕಿರುವ ನಮ್ಮ ಹುಲ್ಲುಗಾವಲುಗಳಲ್ಲಿ ಅವಳ ದನಿ ಕೇಳದ ಮನೆಯಿರಲಿಲ್ಲ. ಗುಡುಗು ಮೋಡ ಯಾವ ಕಡೆ ಏಳುತ್ತದೆ, ಆಲಿಕಲ್ಲು ಯಾರ ಗೋಧಿಯ ಮೇಲೆ ಬೀಳಬಹುದು, ಹಿಮಗಾಳಿ ಯಾವ ರಸ್ತೆ ಮುಚ್ಚುತ್ತದೆ ಎಂದು ಹವಾಮಾನ ಕಚೇರಿಯಿಂದ ಅವಳು ರೇಡಿಯೋದಲ್ಲಿ ಹೇಳುವಾಗ ಜನ ಕಾಫಿ ಲೋಟ ಕೆಳಗಿಟ್ಟು ಕೇಳುತ್ತಿದ್ದರು. ಅವಳೂ ದನ ಸಾಕುವವರ ಮನೆಯ ಮಗಳೇ. ತಂದೆಯ ಹುಲ್ಲುಗಾವಲನ್ನು ಈಗ ಅಣ್ಣ ಆರಿನ್ ನೋಡಿಕೊಳ್ಳುತ್ತಿದ್ದ.

ಆ ಅಕ್ಟೋಬರಿನ ಬಿರುಗಾಳಿಯನ್ನೂ ಅವಳು ಸರಿಯಾಗಿಯೇ ಹೇಳಿದಳು. ಹಗಲೆಲ್ಲ ಮಳೆ, ಕತ್ತಲಾದ ಮೇಲೆ ಮೊಣಕಾಲು ಮುಳುಗುವಷ್ಟು ಹಿಮ. ಹಾಗೆಯೇ ಆಯಿತು. ದನಗಳು ಇನ್ನೂ ಬೇಸಿಗೆಯ ಬಯಲಿನಲ್ಲೇ ಇದ್ದವು, ಚಳಿಗಾಲದ ದಪ್ಪ ಕೂದಲು ಬಂದಿರಲಿಲ್ಲ. ಹಗಲಿನ ಮಳೆಗೆ ಚರ್ಮದವರೆಗೂ ನೆಂದವು. ಸಂಜೆ ಗಾಳಿ ತಿರುಗಿ ಒದ್ದೆ ಮೈ ಮರಗಟ್ಟಿತು. ಗಾಳಿಗೆ ಬೆನ್ನು ಕೊಟ್ಟು ನಡೆಯುತ್ತ ನಡೆಯುತ್ತ, ಬೇಲಿಗೆ ಒತ್ತಿಕೊಂಡು, ಕಮರಿಗಳಿಗೆ ಉರುಳಿ ಸತ್ತವು. ಹಿಮ ಕರಗಿದಾಗ ಕಂಡದ್ದನ್ನು ನಮ್ಮವರು ಇವತ್ತಿಗೂ ಊಟದ ಹೊತ್ತಿನಲ್ಲಿ ಎತ್ತುವುದಿಲ್ಲ.

ಅತ್ತ ಮೇಲಿನ ಕಚೇರಿಯವರು ಲಿಯೋಟಾಳಿಗೆ ಶಭಾಷ್ ಹೇಳಿ ಕಳಿಸಿದರು. ಹಿಮ ಬಿದ್ದ ಹೊತ್ತು ಸರಿ, ಹಿಮದ ಇಂಚು ಸರಿ. ಇಂಚು ಎಣಿಸುವವರಿಗೆ ದನ ಯಾವ ಲೆಕ್ಕ? ಆ ಹೊಗಳಿಕೆ ಅವಳಿಗೆ ಕೆನ್ನೆಗೆ ಹೊಡೆದ ಹಾಗಿತ್ತು.

ಎಲ್ಲ ಸರಿಯಿದ್ದೂ ದನಗಳು ಸತ್ತದ್ದು ಏಕೆ? ಈ ಪ್ರಶ್ನೆ ಹಿಡಿದು ಅವಳು ನಮ್ಮ ಸೀಮೆಯ ಬಿರುಗಾಳಿಗಳ ಅಧ್ಯಯನಕ್ಕೆ ಕೂತಳು. ಹಳೆಯ ಬಿರುಗಾಳಿಗಳ ಮಳೆ, ಗಾಳಿ, ಚಳಿಯ ವಿವರವೆಲ್ಲ ಕಚೇರಿಯಲ್ಲೇ ಸಿಕ್ಕಿತು. ಸಿಗದೇ ಹೋದದ್ದು ಆ ದಿನ ತನ್ನ ಮಾತು ಕೇಳಿದ ಜನ ಏನು ಮಾಡಿದರು ಎಂಬುದು. ಅದನ್ನು ಕೇಳಲು ರಜೆಯಲ್ಲಿ ಮನೆ ಮನೆ ಅಲೆದಳು.

ನಮ್ಮವರ ಸ್ವಭಾವ ಅವಳಿಗೆ ಗೊತ್ತಿಲ್ಲದ್ದಲ್ಲ. ಇಲ್ಲಿ ಯಾರೂ ತಮ್ಮ ನಷ್ಟವನ್ನು ಬಾಯಿಬಿಟ್ಟು ಹೇಳುವುದಿಲ್ಲ, ಪಕ್ಕದ ಮನೆಯ ಕಡೆ ಕೈ ತೋರಿಸುತ್ತಾರೆ. ಮುದುಕ ಎಲ್ಡನ್ ಕ್ವಾಮ್ ಕಾಫಿ ಬಗ್ಗಿಸಿಕೊಟ್ಟು, "ನಮ್ದೇನು ಬಿಡಮ್ಮ, ಒಂದಿಷ್ಟು ಹೋದ್ವು. ಪಾಪ, ಆ ಇಂಗಾನ ಕೇಳು" ಎಂದ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ದನ ನೋಡಿಕೊಳ್ಳುತ್ತಿದ್ದ ಇಂಗಾ ಕೂಡ ಅದೇ ರಾಗ ಎಳೆದಳು.

"ನಂದಿರ್ಲಿ. ನಿಮ್ಮಣ್ಣ ಕಳ್ಕೊಂಡಿದ್ದರ ಮುಂದೆ ನಂದೇನು? ಅಲ್ಲಿಗೆ ಹೋಗಿದ್ಯಾ?"

ಹೋಗಿದ್ದಳು. ಕ್ರಿಸ್‌ಮಸ್ಸಿಗೆ ಹೋಗಿ ಉಂಡು, ಅತ್ತಿಗೆ ವರ್ನಾಳ ಜೊತೆ ಪಾತ್ರೆ ತೊಳೆದು ಬಂದಿದ್ದಳು. ಆದರೆ ಆ ದಿನದ ಮಾತು ಎತ್ತಿರಲಿಲ್ಲ. ಅಣ್ಣ ಏನು ಹೇಳುತ್ತಾನೋ ಎಂಬ ಹೆದರಿಕೆಗೇ ಊರೆಲ್ಲ ಸುತ್ತಿದ್ದಳು.

ಮಾರ್ಚಿನಲ್ಲಿ, ಕರು ಹಾಕುವ ಕಾಲದಲ್ಲಿ, ಕೊನೆಗೂ ಹೋದಳು. ಆರಿನ್ ಕೊಟ್ಟಿಗೆಯಲ್ಲಿ ಆಗಷ್ಟೇ ಹುಟ್ಟಿದ ಕರುವನ್ನು ಗೋಣಿಯಿಂದ ಉಜ್ಜುತ್ತಿದ್ದ.

"ಅಣ್ಣಾ, ಆವತ್ತು ನೀನು ಏನು ಮಾಡ್ದೆ?"

"ಯಾವತ್ತು?" ಗೊತ್ತಿದ್ದೇ ಕೇಳಿದ.

"ಮಳೆ ಹಿಡ್ಕೊಂಡ ದಿನ."

ಆರಿನ್ ತಲೆ ಎತ್ತಲಿಲ್ಲ. "ಬೆಳಿಗ್ಗೆ ಕುದುರೆಗೆ ಜೀನು ಹಾಕಿದ್ದೆ. ಆಕಾಶ ಯಾಕೋ ಸರಿ ಕಾಣ್ಲಿಲ್ಲ. ದನಾನೆಲ್ಲ ಕೆಳಗೆ ಹಳ್ಳದ ಹತ್ರ ಇಳಿಸೋಣ, ಅಲ್ಲಿ ಮರದ ಮರೆ ಇದೆ ಅಂತ. ಅಷ್ಟ್ರಲ್ಲಿ ರೇಡಿಯೋದಲ್ಲಿ ನೀನು ಬಂದೆ. ಹಿಮ ಬೀಳೋದು ರಾತ್ರಿಗೆ ಅಂದೆ."

"ಅಂದೆ."

"ಮಳೇಲಿ ಯಾಕೆ ನೆನೀಬೇಕು, ನಿಂತ ಮೇಲೆ ಹೋದ್ರಾಯ್ತು, ರಾತ್ರಿವರೆಗೂ ಹೊತ್ತಿದೆಯಲ್ಲ ಅಂತ ಜೀನು ಬಿಚ್ಚಿಟ್ಟೆ. ಮಳೆ ನಿಲ್ಲಲೇ ಇಲ್ಲ. ವರ್ನಾ ಹೋಗಿ ಹೋಗಿ ಅಂತ ಬಡ್ಕೊಂಡ್ಲು. ನನ್ ತಂಗಿ ಯಾವತ್ತು ತಪ್ಪು ಹೇಳಿದಾಳೆ ಅಂತ ಹೆಂಡ್ತಿ ಬಾಯಿ ಮುಚ್ಚಿಸ್ದೆ." ಕರುವನ್ನು ಮಗುಚಿ ಇನ್ನೊಂದು ಬದಿ ಉಜ್ಜತೊಡಗಿದ. "ನೀನು ತಪ್ಪು ಹೇಳ್ಲಿಲ್ಲ ಕಣೆ. ಅದೇ ನನ್ನ ತಿನ್ನೋದು. ತಪ್ಪು ಹೇಳಿದ್ದಿದ್ರೆ ನಾಲ್ಕು ದಿನ ನಿನ್ನ ಬೈದು ಸುಮ್ಮನಾಗ್ತಿದ್ದೆ."

ಲಿಯೋಟಾ ಹುಲ್ಲಿನ ಮೇಲೆ ಕುಸಿದು ಕುಳಿತು ಅತ್ತಳು. ಅವನು ಇನ್ನೊಂದು ಗೋಣಿ ಅವಳ ಕಡೆ ಎಸೆದ. ಇಬ್ಬರೂ ಸೇರಿ ಕರುವಿನ ಮೈ ಒಣಗಿಸಿದರು.

ಅಣ್ಣನ ಒಪ್ಪಿಗೆ ಪಡೆದು ಆ ಮಾತನ್ನೇ ಎಲ್ಲರ ಮನೆಯಲ್ಲೂ ಮೊದಲು ಹೇಳಿದಳು. ಆರಿನ್ ಜೀನು ಬಿಚ್ಚಿದ್ದು ತಿಳಿದ ಮೇಲೆ ಉಳಿದವರಿಗೂ ಬಾಯಿ ಬಂತು. ಎಲ್ಲರದೂ ಒಂದೇ ಕಥೆ. ಮಳೆ ಎಂದರೆ ಇನ್ನೂ ಹೊತ್ತಿದೆ ಎಂದು ತಿಳಿದಿದ್ದರು. ನಿಜಕ್ಕೂ ದನಗಳನ್ನು ಕೊಂದದ್ದು ಆ ಮಳೆಯೇ. ಹಿಮ ಬಂದದ್ದು ಮುಚ್ಚುವುದಕ್ಕೆ ಮಾತ್ರ. ಹಾಗಾದರೆ ಎಚ್ಚರಿಕೆ ಮಳೆಗೂ ಮುಂಚೆ ಹೋಗಬೇಕು, ಅದರಲ್ಲಿ ದನದ ಮಾತಿರಬೇಕು ಎಂದು ಅವಳು ಮೇಲಿನ ಕಚೇರಿಗೆ ಬರೆದಳು. ದನ ಕಾಯುವುದು ನಮ್ಮ ಕೆಲಸವಲ್ಲ ಎಂದು ಮೇಲಿನವರು ಗೊಣಗಿದರು. ಕಡೆಗೆ ಒಪ್ಪಿದರು.

ಮುಂದಿನ ಶರತ್ಕಾಲದಲ್ಲಿ ಅಂಥದೇ ಬಿರುಗಾಳಿ ಕಟ್ಟತೊಡಗಿತು. ಲಿಯೋಟಾ ರೇಡಿಯೋದಲ್ಲಿ ಇಂಚಿನ ಮಾತೆತ್ತುವ ಮೊದಲೇ, "ನಾಳೆ ಮಳೆ ಶುರುವಾಗೋಕೆ ಮುಂಚೆ ದನ ಇಳಿಸಿಬಿಡಿ. ಹಿಮ ಬರ್ಲಿ ಅಂತ ಕಾಯ್ಬೇಡಿ" ಎಂದಳು. ಇಡೀ ಸೀಮೆಯೇ ಕೆಲಸ ಬಿಟ್ಟು ದನ ಅಟ್ಟಿತು. ಬಿರುಗಾಳಿ ಉತ್ತರಕ್ಕೆ ತಿರುಗಿಕೊಂಡು ಹೋಯಿತು. ನಮ್ಮಲ್ಲಿ ಒಂದು ಹನಿಯೂ ಬೀಳಲಿಲ್ಲ. ಚಳಿಗಾಲಕ್ಕೆಂದು ಉಳಿಸಿದ್ದ ಹಳ್ಳದ ಹುಲ್ಲನ್ನು ದನಗಳು ಮೇಯುತ್ತ ನಿಂತವು.

ಎಲ್ಡನ್ ಕಚೇರಿಗೇ ಫೋನ್ ಮಾಡಿ, "ಲಿಯೋಟಾ, ಬಿಸಿಲಿಗೆ ಮೈ ಸುಡ್ತಿದೆ, ಹಿಮ ಇದ್ರೆ ಒಂದು ಬೊಗಸೆ ಕಳ್ಸಮ್ಮ" ಎಂದ. ಅವಳು ನಕ್ಕು ಫೋನ್ ಇಟ್ಟಳು. ಇಷ್ಟಾದ ಮೇಲೆ ಅಣ್ಣ ತನ್ನ ಮಾತು ಕೇಳಿ ಇನ್ನೊಮ್ಮೆ ಕುದುರೆ ಹತ್ತುತ್ತಾನೆಯೇ?

ಸಂಜೆ ಆರಿನ್‌ನ ಫೋನ್ ಬಂತು.

"ದನಾನೆಲ್ಲ ವಾಪಸ್ ಮೇಲಕ್ಕೆ ಹತ್ತಿಸ್ಬೇಕು. ವರ್ನಾಗೆ ಸೊಂಟ ಹಿಡ್ಕೊಂಡಿದೆ. ನಾಳೆ ಬರ್ತೀಯಾ?"

"ಬರ್ತೀನಿ. ಅಣ್ಣಾ, ಸುಮ್ನೆ ನಿಮಗೆಲ್ಲ ಕಷ್ಟ ಕೊಟ್ಟೆ."

"ಕೊಟ್ಟೆ," ಎಂದ ಆರಿನ್. "ಮುಂದಿನ ಸಲಾನೂ ಕೊಡು. ಇಳಿಸ್ತೀನಿ."