ಓಡಬಾರದ ಆರು ವಾರ

ಹನುಮಂತನಗರದ ಚೂಡಾಮಣಿ ಓಡಲು ಶುರು ಮಾಡಿದ್ದು ಐವತ್ತು ದಾಟಿದ ಮೇಲೆ. ಹನ್ನೊಂದು ವರ್ಷ ಹಾಸಿಗೆ ಹಿಡಿದಿದ್ದ ತಾಯಿ ತೀರಿಕೊಂಡಿದ್ದರು. ಅವರಿಗೆ ಮುಖ ತೊಳೆಸಿ ಕಾಫಿ ಕುಡಿಸುತ್ತಿದ್ದ ಬೆಳಗಿನ ಹೊತ್ತಿನಲ್ಲಿ ಈಗ ಏನು ಮಾಡಬೇಕೆಂದು ತೋಚುತ್ತಿರಲಿಲ್ಲ. ಚಾಮರಾಜಪೇಟೆಯ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವ ಕೆಲಸ. ಅಲ್ಲಿ ದಿನವಿಡೀ ಮಾತಿಲ್ಲ. ಬೆಳಗ್ಗೆ ಬಸವನಗುಡಿಯ ಪಾರ್ಕಿನಲ್ಲಿ ಎಂಟು ಹತ್ತು ಜನರ ಗುಂಪಿನೊಂದಿಗೆ ಓಡುವುದೇ ಅವರಿಗಿದ್ದ ಒಡನಾಟ.

ಗುಂಪಿನವರು ವಾರಕ್ಕೆ ಎರಡು ದಿನ ಬಿಡುವು ತೆಗೆದುಕೊಳ್ಳುತ್ತಿದ್ದರು. ಆ ದಿನಗಳಲ್ಲೂ ಚೂಡಾಮಣಿ ಒಬ್ಬರೇ ಹೋಗಿ ಓಡುತ್ತಿದ್ದರು. ಮನೆಯಲ್ಲಿ ಕೂತರೆ ತಾಯಿಯ ಮಂಚ ಕಣ್ಣಿಗೆ ಬೀಳುತ್ತಿತ್ತು. ಮೊಣಕಾಲ ಕೆಳಗೆ ನೋವು ಕಾಣಿಸಿಕೊಂಡಾಗ ಮುಲಾಮು ಹಚ್ಚಿಕೊಂಡು ಓಡಿದರು. ಒಂದು ದಿನ ಮೆಟ್ಟಿಲು ಇಳಿಯಲೇ ಆಗಲಿಲ್ಲ.

ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು, ಆರು ವಾರ ಓಡುವಂತಿಲ್ಲ ಎಂದರು ಡಾಕ್ಟರ್ ನಾಗಭೂಷಣ್.

"ಓಡೋವಾಗ ಮೈ ಸವೆಯತ್ತೆ ಮೇಡಂ. ಸುಮ್ನೆ ಮಲಗಿದಾಗ್ಲೇ ಅದು ರಿಪೇರಿ ಆಗೋದು. ನೀವು ಅದಕ್ಕೆ ಟೈಮೇ ಕೊಟ್ಟಿಲ್ಲ."

ಗುಂಪಿನ ವಾಟ್ಸಾಪ್‌ಗೆ ಚೂಡಾಮಣಿ ವಿಷಯ ಬರೆದರು. ಬೇಗ ಗುಣವಾಗಲಿ ಎಂದು ನಾಲ್ಕು ಜನ ಹಾಕಿದರು. ಮಾರನೆಯ ದಿನದಿಂದ ಎಂದಿನ ಓಟದ ಫೋಟೋಗಳು. ಫೋನ್ ಯಾರೂ ಮಾಡಲಿಲ್ಲ.

ನಾಲ್ಕನೆಯ ವಾರ ತಡೆಯಲಾರದೆ ಸೀರೆ ಉಟ್ಟು, ಆಟೋ ಹಿಡಿದು ಪಾರ್ಕಿಗೆ ಹೋಗಿ ಕಲ್ಲುಬೆಂಚಿನ ಮೇಲೆ ಕೂತರು. ಗುಂಪು ಎದುರಿನಲ್ಲೇ ಮೂರು ಸುತ್ತು ಹಾದುಹೋಯಿತು. ಎಲ್ಲರಿಗಿಂತ ಮುಂದೆ ಓಡುವ ಮಧುಸೂದನ್ ಒಮ್ಮೆ ಇತ್ತ ನೋಡಿದರು, ಗುರುತು ಹತ್ತಲಿಲ್ಲ. ಟೋಪಿ, ಟ್ರ್ಯಾಕ್ ಪ್ಯಾಂಟ್ ಇಲ್ಲದ ಚೂಡಾಮಣಿಯನ್ನು ಅವರಲ್ಲಿ ಯಾರೂ ನೋಡಿರಲಿಲ್ಲ. ಕೂಗಿ ಕರೆಯಬಹುದಿತ್ತು. ಕರೆಯಲಿಲ್ಲ.

ಹೊರಡುವಾಗ ಗೇಟಿನ ಬಳಿ ಹೂ ಕಟ್ಟುತ್ತಿದ್ದ ಮುನಿಯಕ್ಕ ಮಾತ್ರ ತಲೆ ಎತ್ತಿ, "ಏನಮ್ಮಾ, ಕುಂಟ್ತಾ ಇದೀರಾ?" ಎಂದು ಕೇಳಿದರು. ಚೂಡಾಮಣಿ ಮೊಣಕಾಲ ಕೆಳಗೆ ಕೈ ತೋರಿಸಿದರು. ಒಂದು ಮೊಳ ಮಲ್ಲಿಗೆ ಕೊಂಡು ಮನೆಗೆ ಬಂದರು. ಅಂದು ಮೊದಲ ಸಲ ತಾಯಿಯ ಮಂಚದ ಮೇಲೆ ಮಲಗಿ, ಕಾಲನ್ನು ದಿಂಬಿನ ಮೇಲಿಟ್ಟುಕೊಂಡರು. ಅತ್ತರು. ಆಮೇಲೆ ಮಧ್ಯಾಹ್ನದವರೆಗೂ ನಿದ್ದೆ ಮಾಡಿದರು.

ಮೂಳೆ ಕೂಡಿಕೊಂಡಿತು. ಏಳನೆಯ ವಾರ ಮೆಲ್ಲಗೆ ಓಡುತ್ತಿದ್ದಾಗ ಮಧುಸೂದನ್ ಪಕ್ಕಕ್ಕೆ ಬಂದರು.

"ಕಾಣ್ಲೇ ಇಲ್ವಲ್ಲ ಮೇಡಂ. ಊರಲ್ಲಿರ್ಲಿಲ್ವಾ?"

"ಇಲ್ಲೇ ಇದ್ದೆ," ಎಂದರು ಚೂಡಾಮಣಿ.